ಹಲವು ಕ್ಲೌಡ್‌ಗಳ ಮೇಲೆ ಒಂದೇ ಬ್ಲಾಕ್‌ಚೈನ್ ಜಾಲ: ಯಾವ ವಿಧಾನ ಯಾರಿಗೆ ಸರಿ?

ಒಂದು ಬ್ಯಾಂಕು, ಒಂದು ರಫ್ತು ಸಂಸ್ಥೆ ಮತ್ತು ಒಂದು ಹಡಗು ಸಾಗಣೆ ಕಂಪನಿ ಸೇರಿ ತಮ್ಮ ನಡುವಿನ ದಾಖಲೆಗಳನ್ನು ಹಂಚಿಕೆಯ ಲೆಡ್ಜರ್ (ಎಲ್ಲರ ಬಳಿಯೂ ಪ್ರತಿ ಇರುವ ಲೆಕ್ಕದ ಪುಸ್ತಕ) ಒಂದರಲ್ಲಿ ಇಡಲು ತೀರ್ಮಾನಿಸಿದವು ಎಂದಿಟ್ಟುಕೊಳ್ಳೋಣ. ಬ್ಯಾಂಕಿನ ವ್ಯವಸ್ಥೆಗಳು ಬಹುಕಾಲದಿಂದ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್ ಮೇಲಿವೆ, ರಫ್ತು ಸಂಸ್ಥೆಯವು ಅಮೆಜಾನ್ ಕ್ಲೌಡ್‌ನಲ್ಲಿವೆ, ಸಾಗಣೆ ಕಂಪನಿಗೆ ತನ್ನದೇ ಡೇಟಾ ಸೆಂಟರ್ ಇದೆ. ಮೂವರಲ್ಲಿ ಯಾರೂ ಇನ್ನೊಬ್ಬರಿಗಾಗಿ ತಮ್ಮ ಸೇವಾದಾತನನ್ನು ಬದಲಾಯಿಸುವುದಿಲ್ಲ, ಬದಲಾಯಿಸಬೇಕೆಂದು ಕೇಳುವುದೂ ನ್ಯಾಯವಲ್ಲ. ವ್ಯವಹಾರದ ಬ್ಲಾಕ್‌ಚೈನ್ ಜಾಲಗಳು ಹಲವು ಕ್ಲೌಡ್‌ಗಳಲ್ಲಿ ಹರಡಿಕೊಳ್ಳುವುದು ಹೆಚ್ಚಾಗಿ ಹೀಗೆಯೇ: ತಂತ್ರಜ್ಞರು ಬಯಸಿದ್ದರಿಂದಲ್ಲ, ಸದಸ್ಯರು ಬೇರೆ ಬೇರೆ ಸಂಸ್ಥೆಗಳಾಗಿರುವುದರಿಂದ.

ಅಂಥ ಜಾಲವನ್ನು ಕಟ್ಟಲು ಇಂದು ಲಭ್ಯವಿರುವ ವಿಧಾನಗಳನ್ನು ಈ ಬರಹದಲ್ಲಿ ಹೋಲಿಸಿದ್ದೇನೆ. ವ್ಯವಹಾರದ ಜಾಲಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ಮುಕ್ತ ತಂತ್ರಾಂಶವನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಸೇವಾದಾತರ ಸೌಲಭ್ಯಗಳ ಪಟ್ಟಿಯನ್ನು ನೋಡುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ವಹಿವಾಟುಗಳನ್ನು ಸರದಿಯಲ್ಲಿ ಜೋಡಿಸಿ ಬ್ಲಾಕ್ ಎಂಬ ಕಟ್ಟುಗಳಾಗಿ ಮಾಡುವ ಆರ್ಡರಿಂಗ್ ಸೇವೆಯ ಬಹುಮತ ಯಾರ ಕೈಯಲ್ಲಿದೆ? ಸದಸ್ಯರು ಡಿಜಿಟಲ್ ಸಹಿ ಹಾಕಲು ಬಳಸುವ ಖಾಸಗಿ ಕೀಲಿಗಳು ಎಲ್ಲಿವೆ? ಈ ಎರಡೂ ಒಂದೇ ಕಡೆ ಇದ್ದರೆ, ಪಾಲುದಾರರ ಅಂಗಡಿಯ ಲೆಕ್ಕದ ಪುಸ್ತಕವೂ ಪೆಟ್ಟಿಗೆಯ ಬೀಗದ ಕೈಯೂ ಒಬ್ಬನ ಮನೆಯಲ್ಲೇ ಇದ್ದಂತಾಗುತ್ತದೆ. ಆಗ ಬ್ಲಾಕ್‌ಚೈನ್‌ಗೆ ಬದಲಾಗಿ ಸಾಧಾರಣ ಡೇಟಾಬೇಸ್ ಇಟ್ಟರೂ ಕೆಲಸ ನಡೆಯುತ್ತದೆ, ಖರ್ಚೂ ಕಡಿಮೆ.

ಹಿಂದಿನ ಅನುಭವ

ಮೈಕ್ರೋಸಾಫ್ಟ್ ತನ್ನ ಅಜೂರ್ ಬ್ಲಾಕ್‌ಚೈನ್ ಸರ್ವಿಸ್ ಅನ್ನು ನಿಲ್ಲಿಸುವುದಾಗಿ 2021ರ ಮೇ ತಿಂಗಳಲ್ಲಿ ತಿಳಿಸಿ, ಅದೇ ವರ್ಷ ಸೆಪ್ಟೆಂಬರ್ 10ರಂದು ಮುಚ್ಚಿತು. ಬಳಕೆದಾರರಿಗೆ ಸಿಕ್ಕಿದ್ದು ಸುಮಾರು ನಾಲ್ಕು ತಿಂಗಳು. ಐಬಿಎಂ ತನ್ನ ಕ್ಲೌಡ್‌ನಲ್ಲಿ ನಡೆಸುತ್ತಿದ್ದ ಬ್ಲಾಕ್‌ಚೈನ್ ಪ್ಲಾಟ್‌ಫಾರ್ಮ್ ಸೇವೆ 2023ರಲ್ಲಿ ಕೊನೆಗೊಂಡಿತು. ಮೇರ್ಸ್ಕ್ ಮತ್ತು ಐಬಿಎಂ ಜೊತೆಗೂಡಿ ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ಸರಕು ಸಾಗಣೆಯ ಜಾಲವನ್ನು ನಿಲ್ಲಿಸುವ ಪ್ರಕಟಣೆ 2022ರ ನವೆಂಬರ್‌ನಲ್ಲಿ ಬಂತು. ಜಾಗತಿಕ ಉದ್ಯಮದ ಪೂರ್ಣ ಸಹಕಾರ ದೊರೆಯಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ತಂತ್ರಜ್ಞಾನ ಕೆಟ್ಟಿತೆಂದು ಅವರು ಹೇಳಲಿಲ್ಲ.

ಇವನ್ನು ನೆನಪಿಸುವ ಉದ್ದೇಶ ಯಾವ ಕಂಪನಿಯನ್ನೂ ದೂರುವುದಲ್ಲ. ಲಾಭವಿಲ್ಲದ ಸೇವೆಯನ್ನು ಮುಚ್ಚುವ ಹಕ್ಕು ಎಲ್ಲ ಕಂಪನಿಗೂ ಇದೆ. ಆದರೆ ಹತ್ತು ವರ್ಷ ಉಳಿಯಬೇಕಾದ ಸಾಲಪತ್ರದ ಅಥವಾ ಸರಕಿನ ದಾಖಲೆಯನ್ನು ಇಡುವ ಜಾಲವು ಒಬ್ಬ ಸೇವಾದಾತನ ಕ್ಯಾಲೆಂಡರಿಗೆ ಕಟ್ಟುಬಿದ್ದಿರಬಾರದು. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ವಿಧಾನವನ್ನೂ ‘ಈ ಸೇವಾದಾತ ನಾಳೆ ಹೊರಟರೆ ಜಾಲ ನಿಲ್ಲುತ್ತದೆಯೇ?’ ಎಂಬ ಪ್ರಶ್ನೆಯಿಂದ ಅಳೆದಿದ್ದೇನೆ.

ಮೂರು ಮುಖ್ಯ ದಾರಿಗಳು

ಮೊದಲನೆಯದು, ಒಬ್ಬನೇ ಕ್ಲೌಡ್ ಸೇವಾದಾತನ ಸಿದ್ಧ ಸೇವೆ. 2019ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಬಳಕೆಗೆ ಬಂದ ಅಮೆಜಾನ್ ಮ್ಯಾನೇಜ್ಡ್ ಬ್ಲಾಕ್‌ಚೈನ್ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಪ್ರತಿ ಸದಸ್ಯ ಸಂಸ್ಥೆಯೂ ತನ್ನ ಅಮೆಜಾನ್ ಖಾತೆಯಿಂದ ಜಾಲಕ್ಕೆ ಸೇರಿ ತನ್ನ ಪೀರ್‌ಗಳನ್ನು (ಲೆಡ್ಜರ್‌ನ ಪ್ರತಿ ಇಟ್ಟುಕೊಂಡು ವಹಿವಾಟು ಪರಿಶೀಲಿಸುವ ಕಂಪ್ಯೂಟರ್‌ಗಳನ್ನು) ಅಲ್ಲೇ ನಡೆಸುತ್ತದೆ, ಆರ್ಡರಿಂಗ್ ಸೇವೆಯನ್ನು ಅಮೆಜಾನ್ ತಾನೇ ನೋಡಿಕೊಳ್ಳುತ್ತದೆ. ನೋಡ್‌ಗಳ (ಜಾಲದ ಕಂಪ್ಯೂಟರ್‌ಗಳ) ಗುರುತು ಸಾಬೀತುಪಡಿಸುವ ಡಿಜಿಟಲ್ ಪ್ರಮಾಣಪತ್ರ, ಡಿಸ್ಕ್, ಹೊಸ ಆವೃತ್ತಿಗಳ ತಲೆನೋವು ಬಹಳಷ್ಟು ಕಡಿಮೆಯಾಗುತ್ತದೆ, ಚಿಕ್ಕ ತಂಡವೂ ಬೇಗ ಕೆಲಸ ಆರಂಭಿಸಬಹುದು. ಆದರೆ ಅಜೂರ್‌ನಲ್ಲಿರುವ ನಮ್ಮ ಬ್ಯಾಂಕು ತನ್ನ ಪೀರ್ ಅನ್ನು ಅಜೂರ್‌ನಲ್ಲೇ ಇಟ್ಟುಕೊಂಡು ಈ ಜಾಲದ ಸದಸ್ಯನಾಗುವ ದಾರಿ ಅಲ್ಲಿಲ್ಲ. ಪ್ರಯೋಗದ ಹಂತಕ್ಕೆ, ಅಥವಾ ಎಲ್ಲ ಸದಸ್ಯರೂ ಮೊದಲೇ ಒಂದೇ ಕ್ಲೌಡ್‌ನಲ್ಲಿದ್ದಾಗ ಮಾತ್ರ ನಾನು ಇದನ್ನು ಸೂಚಿಸುತ್ತೇನೆ.

ಎರಡನೆಯದು, ಹಲವು ಕ್ಲೌಡ್‌ಗಳ ಮೇಲೆ ನಡೆಯುವಂತೆ ಮಾರಾಟಗಾರರೇ ರೂಪಿಸಿದ ವೇದಿಕೆಗಳು. 2018ರಲ್ಲಿ ಕನ್ಸೆನ್ಸಿಸ್ ಕಂಪನಿಯ ಆಶ್ರಯದಲ್ಲಿ ಆರಂಭವಾದ ಕಲೈಡೊ, ಒಂದೇ ಜಾಲದ ನೋಡ್‌ಗಳನ್ನು ಅಮೆಜಾನ್ ಮತ್ತು ಅಜೂರ್ ಎರಡರಲ್ಲೂ ಇಡಲು ಅವಕಾಶ ಕೊಟ್ಟಿತು. ಫ್ಯಾಬ್ರಿಕ್ ಆಧರಿಸಿದ ಒರಾಕಲ್ ಬ್ಲಾಕ್‌ಚೈನ್ ಪ್ಲಾಟ್‌ಫಾರ್ಮ್, ಹೊರಗೆ ಬೇರೆಯವರು ನಡೆಸುವ ಫ್ಯಾಬ್ರಿಕ್ ಸಂಸ್ಥೆಗಳನ್ನೂ ತನ್ನ ಜಾಲಕ್ಕೆ ಸೇರಿಸಿಕೊಳ್ಳುತ್ತದೆ. ತಾಂತ್ರಿಕ ಸಿಬ್ಬಂದಿ ಕಡಿಮೆ ಇರುವ, ಆದರೆ ಸದಸ್ಯರು ಬೇರೆ ಬೇರೆ ಕಡೆ ಇರುವ ಒಕ್ಕೂಟಕ್ಕೆ ಇದು ನಡುದಾರಿ. ಇಲ್ಲಿ ಯಂತ್ರಗಳು ಹಂಚಿಹೋದರೂ ಅವನ್ನು ನಿಯಂತ್ರಿಸುವ ತಂತ್ರಾಂಶ ಒಬ್ಬರದೇ ಆಗಿರುತ್ತದೆ ಎಂಬುದನ್ನು ಮರೆಯಬಾರದು. ಸಹಿ ಹಾಕುವ ಮುನ್ನ, ಖಾಸಗಿ ಕೀಲಿಗಳನ್ನು ನಮ್ಮದೇ ಎಚ್‌ಎಸ್‌ಎಂ ಎಂಬ ಕೀಲಿ ಕಾಯುವ ಯಂತ್ರದಲ್ಲಿ ಇಟ್ಟುಕೊಳ್ಳಬಹುದೇ, ಮೂಲ ಫ್ಯಾಬ್ರಿಕ್ ಆವೃತ್ತಿಯನ್ನು ಬದಲಾವಣೆಯಿಲ್ಲದೆ ಬಳಸುತ್ತಾರೆಯೇ, ವೇದಿಕೆಯನ್ನು ಬಿಟ್ಟುಹೋಗುವಾಗ ಬ್ಲಾಕ್‌ಗಳ ಪೂರ್ಣ ಪ್ರತಿಯೂ ಚಾನೆಲ್‌ನ (ಆಯ್ದ ಸದಸ್ಯರು ಹಂಚಿಕೊಳ್ಳುವ ಒಂದು ಲೆಡ್ಜರ್‌ನ) ಸಂರಚನೆಯೂ ನಮಗೆ ಸಿಗುತ್ತವೆಯೇ ಎಂದು ಲಿಖಿತವಾಗಿ ಕೇಳಬೇಕು. ಮಾರಾಟ ವಿಭಾಗದವರ ಬಾಯಿಮಾತು ಈ ವಿಷಯದಲ್ಲಿ ಸಾಲದು.

ಮೂರನೆಯದು, ಪ್ರತಿ ಸದಸ್ಯನೂ ತನ್ನ ಕ್ಲೌಡ್‌ನಲ್ಲಿ, ಕಂಟೇನರ್‌ಗಳನ್ನು (ತಂತ್ರಾಂಶದ ಪೊಟ್ಟಣಗಳನ್ನು) ನಿರ್ವಹಿಸುವ ಕುಬರ್ನೆಟೀಸ್ ಮೇಲೆ ಮುಕ್ತ ತಂತ್ರಾಂಶದಿಂದ ತಾನೇ ನೋಡ್‌ಗಳನ್ನು ನಡೆಸುವುದು. ಇದಕ್ಕೆ ಹೈಪರ್‌ಲೆಡ್ಜರ್ ಬೆವೆಲ್ ನೆರವಾಗುತ್ತದೆ. ಆಕ್ಸೆಂಚರ್ ಕೊಡುಗೆಯಾಗಿ ಬಂದ ಈ ಉಪಕರಣವು ಆನ್ಸಿಬಲ್, ಹೆಲ್ಮ್ ಮತ್ತು ಹಾಶಿಕಾರ್ಪ್ ವಾಲ್ಟ್ ಎಂಬ ಸಾಧನಗಳನ್ನು ಬಳಸಿ ಫ್ಯಾಬ್ರಿಕ್, ಕಾರ್ಡಾ, ಬೆಸು ಮುಂತಾದ ಬ್ಲಾಕ್‌ಚೈನ್ ತಂತ್ರಾಂಶಗಳನ್ನು ನಿಯೋಜಿಸುತ್ತದೆ. ಫ್ಯಾಬ್ರಿಕ್‌ಗೆಂದೇ ಬೇಕಾದರೆ ಬೆವೆಲ್ ಆಪರೇಟರ್ ಫ್ಯಾಬ್ರಿಕ್ ಇದೆ. ಕುಬರ್ನೆಟೀಸ್ ಎಲ್ಲ ಕಡೆಯೂ ಒಂದೇ ಎಂಬ ಮಾತು ಮುಕ್ಕಾಲು ಪಾಲು ನಿಜ. ಡಿಸ್ಕ್‌ನ ವರ್ಗಗಳು, ಸಂಚಾರವನ್ನು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್, ಅನುಮತಿಯ ವ್ಯವಸ್ಥೆ ಇವು ಒಂದೊಂದು ಕ್ಲೌಡ್‌ನಲ್ಲಿ ಒಂದೊಂದು ರೀತಿ ಇರುತ್ತವೆ. ಫ್ಯಾಬ್ರಿಕ್‌ನ ಹಳೆಯ ಪದ್ಧತಿಯಲ್ಲಿ ಪೀರ್ ತಾನೇ ಡಾಕರ್ ಎಂಬ ಸಾಧನದ ಮೂಲಕ ಚೈನ್‌ಕೋಡ್ (ವಹಿವಾಟಿನ ನಿಯಮಗಳ ಪ್ರೋಗ್ರಾಂ) ಕಂಟೇನರ್ ಹುಟ್ಟಿಸುತ್ತಿತ್ತು. 2022ರ ಕುಬರ್ನೆಟೀಸ್ 1.24 ಆವೃತ್ತಿಯಿಂದ ಡಾಕರ್ ಜೊತೆ ಬೆಸೆಯುವ ಡಾಕರ್‌ಶಿಮ್ ಎಂಬ ಭಾಗವನ್ನು ತೆಗೆದುಹಾಕಿದ್ದರಿಂದ ಆ ದಾರಿ ನೆಚ್ಚಿಕೊಳ್ಳುವಂತಿಲ್ಲ, ಚೈನ್‌ಕೋಡ್ ಅನ್ನು ಪ್ರತ್ಯೇಕ ಸೇವೆಯಾಗಿ ನಡೆಸುವ ಹೊಸ ವಿಧಾನವನ್ನೇ ಮೊದಲ ದಿನದಿಂದ ಹಿಡಿಯಬೇಕು. ಕುಬರ್ನೆಟೀಸ್ ಮತ್ತು ಪ್ರಮಾಣಪತ್ರಗಳನ್ನು ಬಲ್ಲ ಎಂಜಿನಿಯರ್‌ಗಳು ಪ್ರತಿ ಸದಸ್ಯನ ಬಳಿಯೂ ಇಲ್ಲದಿದ್ದರೆ ಈ ದಾರಿ ಕಷ್ಟದ್ದು. ಆದರೆ ಸೇವಾದಾತ ಹೊರಟರೂ ಜಾಲ ಉಳಿಯುತ್ತದೆಯೇ ಎಂಬ ಪರೀಕ್ಷೆಯಲ್ಲಿ ನಿಚ್ಚಳವಾಗಿ ಗೆಲ್ಲುವುದು ಇದೊಂದೇ.

ಸರ್ಕಾರಿ ಇಲಾಖೆಗಳಿಗೆ ಇನ್ನೊಂದು ಆಯ್ಕೆಯೂ ಇದೆ. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ‘ವಿಶ್ವಸ್ಯ’ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ಭುವನೇಶ್ವರ, ಪುಣೆ ಮತ್ತು ಹೈದರಾಬಾದ್ ಡೇಟಾ ಸೆಂಟರ್‌ಗಳಲ್ಲಿ ಹಂಚಿಕೊಂಡಿದೆ. ಎನ್‌ಐಸಿಯ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನಲ್ಲಿ 2020ರಿಂದ ಇದೆ. ಮೂರು ಊರುಗಳಲ್ಲಿ ಹಂಚಿದ್ದರೂ ನಡೆಸುವವರು ಒಬ್ಬರೇ ಆದ್ದರಿಂದ, ಖಾಸಗಿ ಸಂಸ್ಥೆಗಳ ಒಕ್ಕೂಟಕ್ಕಿಂತ ಇಲಾಖೆಗಳ ದಾಖಲೆಗಳಿಗೆ ಇದು ಒಪ್ಪುತ್ತದೆ.

ಆರ್ಡರಿಂಗ್ ಸೇವೆ: ಲೆಕ್ಕ ಹಾಕಲೇಬೇಕಾದ ಭಾಗ

ಹಲವು ಕ್ಲೌಡ್‌ಗಳ ವಿನ್ಯಾಸದಲ್ಲಿ ಹೆಚ್ಚು ತಪ್ಪುಗಳಾಗುವುದು ಇಲ್ಲಿ. ಫ್ಯಾಬ್ರಿಕ್ 2.x ಆವೃತ್ತಿಗಳು ರಾಫ್ಟ್ ಎಂಬ ಒಮ್ಮತದ ವಿಧಾನವನ್ನು ಬಳಸುತ್ತವೆ. ಅದು ನಡೆಯಬೇಕಾದರೆ ಆರ್ಡರರ್ (ಆರ್ಡರಿಂಗ್ ಸೇವೆ ನಡೆಸುವ) ನೋಡ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜೀವಂತವಾಗಿರಬೇಕು. ಮೂರು ನೋಡ್‌ಗಳಿದ್ದರೆ ಒಂದು, ಐದಿದ್ದರೆ ಎರಡು ಕೆಟ್ಟರೂ ನಡೆಯುತ್ತದೆ. ಈಗ ಎರಡೇ ಕ್ಲೌಡ್‌ಗಳಲ್ಲಿ ನೋಡ್‌ಗಳನ್ನು ಹಂಚಲು ನೋಡಿ. ಹೇಗೆ ಹಂಚಿದರೂ ಒಂದು ಕಡೆ ಕನಿಷ್ಠ ಅರ್ಧದಷ್ಟು ನೋಡ್‌ಗಳು ಇರಲೇಬೇಕು, ಆ ಕ್ಲೌಡ್ ನಿಂತರೆ ಜಾಲವೂ ನಿಲ್ಲುತ್ತದೆ. ಅಂದರೆ ಎರಡು ಕ್ಲೌಡ್‌ಗಳು ಒಂದಕ್ಕಿಂತ ಸುರಕ್ಷಿತ ಎಂಬ ಸಾಮಾನ್ಯ ಊಹೆ ಈ ವಿಷಯದಲ್ಲಿ ಸುಳ್ಳು. ಮೂರನೆಯ ಜಾಗ ಬೇಕೇ ಬೇಕು. ಅದು ಮೂರನೆಯ ಕ್ಲೌಡ್ ಆಗಿರಬಹುದು, ಸಾಗಣೆ ಕಂಪನಿಯ ಸ್ವಂತ ಡೇಟಾ ಸೆಂಟರ್ ಆದರೂ ಸರಿ. ಐದು ನೋಡ್‌ಗಳನ್ನು 2, 2, 1 ಎಂದು ಮೂರು ಕಡೆ ಹಂಚಿದರೆ ಯಾವ ಒಂದು ಜಾಗ ಪೂರ್ತಿ ಕತ್ತಲಾದರೂ ಕನಿಷ್ಠ ಮೂರು ಉಳಿಯುತ್ತವೆ. ಮೂರು ಸದಸ್ಯರ ಜಾಲಕ್ಕೆ ನಾನು ಮೊದಲು ಸೂಚಿಸುವ ವಿನ್ಯಾಸ ಇದೇ.

ರಾಫ್ಟ್ ಎದುರಿಸುವುದು ನೋಡ್‌ಗಳು ಕೆಡುವುದನ್ನು ಮಾತ್ರ, ಅವು ವಂಚಿಸುವುದನ್ನಲ್ಲ. ವಹಿವಾಟಿನ ಮೇಲೆ ಅನುಮೋದಕರ (ಅದನ್ನು ಒಪ್ಪಿದ ಸಂಸ್ಥೆಗಳ ಪೀರ್‌ಗಳ) ಸಹಿಗಳಿರುವುದರಿಂದ ಆರ್ಡರರ್ ಅದನ್ನು ತಿದ್ದಲಾರದು. ಆದರೆ ತಡೆಹಿಡಿಯಬಹುದು, ಹಿಂದುಮುಂದು ಮಾಡಬಹುದು. ಪ್ರತಿಸ್ಪರ್ಧಿಗಳೇ ಸೇರಿರುವ ಜಾಲಗಳಲ್ಲಿ ಇದು ಸಣ್ಣ ಮಾತಲ್ಲ. ಅದಕ್ಕಾಗಿಯೇ 2024ರಲ್ಲಿ ಬಂದ ಫ್ಯಾಬ್ರಿಕ್ 3.0 ಆವೃತ್ತಿಯಲ್ಲಿ ಸ್ಮಾರ್ಟ್‌ಬಿಎಫ್‌ಟಿ ಎಂಬ, ವಂಚಕ ನೋಡ್‌ಗಳನ್ನೂ ತಾಳಿಕೊಳ್ಳುವ ವಿಧಾನ ಸೇರಿದೆ. ಅದರ ಲೆಕ್ಕ ಬೇರೆ: ಒಂದು ನೋಡ್ ತಪ್ಪಿದರೂ ನಡೆಯಲು ನಾಲ್ಕು ನೋಡ್, ಎರಡು ತಪ್ಪಿದರೂ ನಡೆಯಲು ಏಳು ನೋಡ್ ಬೇಕು. ಏಳು ನೋಡ್‌ಗಳನ್ನು ಮೂರು ಕ್ಲೌಡ್‌ಗಳಲ್ಲಿ 3, 2, 2 ಎಂದು ಹಂಚಿ, ಮೂರು ನೋಡ್‌ಗಳಿರುವ ಕ್ಲೌಡ್ ನಿಂತಿತು ಎಂದುಕೊಳ್ಳಿ. ಉಳಿದ ನಾಲ್ಕು ಸಾಲುವುದಿಲ್ಲ, ಐದು ಬೇಕು. ಆ ಏಳನ್ನೇ 2, 2, 2, 1 ಎಂದು ನಾಲ್ಕು ಜಾಗಗಳಲ್ಲಿ ಹಂಚಿದಾಗ ಒಂದು ಕ್ಲೌಡ್‌ನ ನಷ್ಟವನ್ನು ಈ ವಿಧಾನ ತಾಳಿಕೊಳ್ಳುತ್ತದೆ. ಹೆಚ್ಚಿನ ನಂಬಿಕೆಗೆ ಹೆಚ್ಚಿನ ಜಾಗಗಳನ್ನು ತೆರಬೇಕು ಎಂಬ ಈ ಸರಳ ಅಂಕಗಣಿತವನ್ನು ಯೋಜನಾ ವರದಿಯ ಮೊದಲ ಪುಟದಲ್ಲೇ ಬರೆದಿಡುವುದು ಒಳ್ಳೆಯದು. ಬೆಸು ಬಳಸುವವರ ಕ್ಯೂಬಿಎಫ್‌ಟಿ ಎಂಬ ಒಮ್ಮತದ ವಿಧಾನಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಕಾರ್ಡಾದಲ್ಲಿ ಇದೇ ಪ್ರಶ್ನೆಯನ್ನು ವಹಿವಾಟುಗಳನ್ನು ಖಚಿತಪಡಿಸುವ ನೋಟರಿ ಎಲ್ಲಿದೆ ಎಂದು ಕೇಳಬೇಕು.

ದೂರದ ಚಿಂತೆ ಮಾತ್ರ ಅನೇಕರು ಭಾವಿಸುವಷ್ಟು ದೊಡ್ಡದಲ್ಲ. ಫ್ಯಾಬ್ರಿಕ್‌ನ ಸಾಮಾನ್ಯ ಸಂರಚನೆಯಲ್ಲಿ ರಾಫ್ಟ್‌ನ ಒಂದು ಮಿಡಿತ 500 ಮಿಲಿಸೆಕೆಂಡು, ಹತ್ತು ಮಿಡಿತಗಳವರೆಗೆ ನಾಯಕನ ಸದ್ದಿಲ್ಲದಿದ್ದರೆ ಹೊಸ ನಾಯಕನ ಆಯ್ಕೆ ನಡೆಯುತ್ತದೆ. ಅಮೆಜಾನ್‌ನ ಮುಂಬೈ, ಅಜೂರ್‌ನ ಪುಣೆ, ಗೂಗಲ್‌ನ ದೆಹಲಿ ವಲಯಗಳ ನಡುವಿನ ವಿಳಂಬ ಇದರ ಮುಂದೆ ತೀರಾ ಚಿಕ್ಕದು. ಮುಂಬೈ ಮತ್ತು ಅಮೆರಿಕದ ಪೂರ್ವ ತೀರದ ನಡುವಿನ ಸುಮಾರು 200 ಮಿಲಿಸೆಕೆಂಡು ಕೂಡ ಜಾಲವನ್ನು ನಿಲ್ಲಿಸುವುದಿಲ್ಲ, ಪ್ರತಿ ಬ್ಲಾಕ್ ಸ್ವಲ್ಪ ತಡವಾಗುತ್ತದೆ ಅಷ್ಟೆ.

ಆರ್ಡರಿಂಗ್ ಸೇವೆಯನ್ನು ಇಷ್ಟು ಜಾಗರೂಕತೆಯಿಂದ ಹಂಚಿದ ಮೇಲೂ ಅನುಮೋದನೆಯ ನಿಯಮ ಅದನ್ನೆಲ್ಲ ವ್ಯರ್ಥ ಮಾಡಬಹುದು. ಪ್ರತಿ ವಹಿವಾಟಿಗೂ ಮೂರೂ ಸಂಸ್ಥೆಗಳ ಸಹಿ ಬೇಕೆಂದು ನಿಯಮವಿದ್ದು, ಬ್ಯಾಂಕಿನ ಪೀರ್‌ಗಳೆಲ್ಲ ಇರುವ ಅಜೂರ್ ವಲಯ ನಿಂತರೆ, ಆರ್ಡರರ್‌ಗಳು ಚೆನ್ನಾಗಿದ್ದೂ ಒಂದೇ ಒಂದು ವಹಿವಾಟು ಮುಂದೆ ಸಾಗುವುದಿಲ್ಲ. ಕಾನೂನಿನ ದೃಷ್ಟಿಯಿಂದ ಮೂವರ ಸಹಿಯೂ ಅನಿವಾರ್ಯವಾದ ದಾಖಲೆಗಳಿಗೆ ಮಾತ್ರ ಆ ನಿಯಮ ಇರಲಿ, ಮಿಕ್ಕವಕ್ಕೆ ಬಹುಮತ ಸಾಕು.

ನೋಡ್‌ಗಳ ನಡುವಿನ ಸಂಪರ್ಕ

ಕ್ಲೌಡ್‌ಗಳನ್ನು ಬೆಸೆಯಲು ವಿಪಿಎನ್ ಸುರಂಗ (ಇಂಟರ್‌ನೆಟ್ ಮೇಲಿನ ಗೂಢಲಿಪಿಯ ಸಂಪರ್ಕ), ಅಮೆಜಾನ್‌ನ ಡೈರೆಕ್ಟ್ ಕನೆಕ್ಟ್ ಅಥವಾ ಅಜೂರ್‌ನ ಎಕ್ಸ್‌ಪ್ರೆಸ್‌ರೂಟ್‌ನಂಥ ಖಾಸಗಿ ಮಾರ್ಗ, ಇಲ್ಲವೇ ಎರಡೂ ಕಡೆ ಪ್ರಮಾಣಪತ್ರ ಪರೀಕ್ಷಿಸುವ ಟಿಎಲ್‌ಎಸ್ ಎಂಬ ಗೂಢಲಿಪಿ ಪದ್ಧತಿಯ ಜೊತೆಗೆ ಸಾರ್ವಜನಿಕ ಇಂಟರ್‌ನೆಟ್, ಹೀಗೆ ಮೂರು ದಾರಿಗಳಿವೆ. ಮೂವರು ಸದಸ್ಯರಿಗೆ ಮೂರು ಸುರಂಗ ಸಾಕು. ಹತ್ತು ಮಂದಿ ಪರಸ್ಪರ ಬೆಸೆದುಕೊಳ್ಳಲು 45 ಬೇಕಾಗುತ್ತವೆ. ಜೊತೆಗೆ ಎರಡು ಸಂಸ್ಥೆಗಳ ಒಳ ವಿಳಾಸಗಳು ಒಂದರ ಮೇಲೊಂದು ಬೀಳುವ ತೊಡಕು ಬೇರೆ. ಸದಸ್ಯರ ಸಂಖ್ಯೆ ಬೆಳೆಯುವ ಜಾಲಕ್ಕೆ ನಾನು ಇಂಟರ್‌ನೆಟ್ ಮತ್ತು ಟಿಎಲ್‌ಎಸ್ ದಾರಿಯನ್ನೇ ಆರಿಸುತ್ತೇನೆ, ಅದರ ಮೇಲೆ ಗೊತ್ತುಪಡಿಸಿದ ವಿಳಾಸಗಳಿಗೆ ಮಾತ್ರ ಪ್ರವೇಶ ಕೊಡುವ ಕಟ್ಟುಪಾಡು ಇರಬೇಕು. ಲೋಡ್ ಬ್ಯಾಲೆನ್ಸರ್ ಟಿಎಲ್‌ಎಸ್ ಅನ್ನು ನಡುವೆಯೇ ಬಿಚ್ಚುವಂತಿದ್ದರೆ ಆರ್ಡರರ್‌ಗಳು ಒಬ್ಬರನ್ನೊಬ್ಬರು ಗುರುತಿಸಲಾರವು, ಆದ್ದರಿಂದ ಅದನ್ನು ಹಾಗೆಯೇ ದಾಟಿಸುವ ವ್ಯವಸ್ಥೆ ಬೇಕು. ಸುಮ್ಮನಿರುವ ಸಂಪರ್ಕವನ್ನು ಅಜೂರ್ ಲೋಡ್ ಬ್ಯಾಲೆನ್ಸರ್ ಸಾಮಾನ್ಯವಾಗಿ 4 ನಿಮಿಷಕ್ಕೆ, ಅಮೆಜಾನ್‌ನ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್ 350 ಸೆಕೆಂಡಿಗೆ ಕತ್ತರಿಸುತ್ತದೆ. ವಹಿವಾಟು ವಿರಳವಾದ ರಾತ್ರಿಯ ಹೊತ್ತಿನಲ್ಲಿ ಪೀರ್‌ಗಳು ಬ್ಲಾಕ್ ಪಡೆಯದೆ ನಿಂತುಬಿಟ್ಟರೆ ಮೊದಲು ನೋಡಬೇಕಾದದ್ದು ಈ ಮಿತಿಯನ್ನೂ ಫ್ಯಾಬ್ರಿಕ್‌ನ ಕೀಪ್‌ಅಲೈವ್ (ಸಂಪರ್ಕ ಜೀವಂತವಾಗಿಡುವ ಸಂಕೇತದ) ಅವಧಿಯನ್ನೂ.

ಪ್ರಮಾಣಪತ್ರಗಳ ಗಡುವು

ಪ್ರಮಾಣಪತ್ರಗಳನ್ನು ಹೊರಡಿಸುವ ತಂತ್ರಾಂಶವಾದ ಫ್ಯಾಬ್ರಿಕ್ ಸಿಎ ಕೊಡುವ ಪ್ರಮಾಣಪತ್ರಗಳ ಸಾಮಾನ್ಯ ಆಯುಸ್ಸು ಒಂದು ವರ್ಷ. ಜಾಲ ಆರಂಭವಾದ ದಿನವೇ ಎಲ್ಲ ಆರ್ಡರರ್‌ಗಳೂ ನೋಂದಣಿಯಾಗಿದ್ದರೆ, ಸರಿಯಾಗಿ ಒಂದು ವರ್ಷದ ನಂತರ ಎಲ್ಲದರ ಟಿಎಲ್‌ಎಸ್ ಪ್ರಮಾಣಪತ್ರಗಳೂ ಒಟ್ಟಿಗೆ ಮುಗಿಯುತ್ತವೆ. ನೋಡ್‌ಗಳು ಪರಸ್ಪರ ಮಾತಾಡಲಾರದೆ ಬಹುಮತ ಇಲ್ಲವಾಗುತ್ತದೆ. ಹೊಸ ಪ್ರಮಾಣಪತ್ರಗಳನ್ನು ಚಾನೆಲ್‌ನ ಸಂರಚನೆಗೆ ಸೇರಿಸಲು ಅದೇ ಆರ್ಡರಿಂಗ್ ಸೇವೆ ನಡೆಯುತ್ತಿರಬೇಕಾಗುತ್ತದೆ. ಒಂದೇ ಕ್ಲೌಡ್‌ನ ಸಿದ್ಧ ಸೇವೆಯಲ್ಲಿ ಈ ಹೊಣೆ ಸೇವಾದಾತನದು. ಮೂರು ಕ್ಲೌಡ್‌ಗಳಲ್ಲಿ ಮೂರು ತಂಡಗಳಿದ್ದಾಗ, ಇನ್ನೊಬ್ಬರು ನೋಡಿಕೊಳ್ಳುತ್ತಾರೆಂದು ಪ್ರತಿಯೊಬ್ಬರೂ ಭಾವಿಸುವ ಅಪಾಯ ಹೆಚ್ಚು. ಆದ್ದರಿಂದ ನವೀಕರಣದ ದಿನಾಂಕಗಳನ್ನು ಬೇಕೆಂದೇ ತಿಂಗಳುಗಳ ಅಂತರದಲ್ಲಿ ಹರಡಬೇಕು, ಒಂದು ಸಲಕ್ಕೆ ಒಂದೇ ನೋಡ್‌ನ ಪ್ರಮಾಣಪತ್ರ ಬದಲಾಯಿಸಬೇಕು, ಉಳಿದಿರುವ ದಿನಗಳ ಎಣಿಕೆ ಎಲ್ಲ ಸದಸ್ಯರಿಗೂ ಕಾಣುವಂತಿರಬೇಕು. ಮೂರನೆಯ ದಾರಿಯನ್ನು ಆರಿಸುವ ಒಕ್ಕೂಟವು ಈ ಒಂದು ಕೆಲಸಕ್ಕೆ ಹೆಸರು ಹಿಡಿದು ಹೊಣೆಗಾರನನ್ನು ನೇಮಿಸಲಾರದಾದರೆ, ಎರಡನೆಯ ದಾರಿಯನ್ನು ಹಿಡಿಯುವುದೇ ಲೇಸು.

ಖರ್ಚು

ಯಂತ್ರಗಳ ಬಾಡಿಗೆಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಕ್ಲೌಡ್‌ನಿಂದ ಹೊರಹೋಗುವ ಡೇಟಾದ ಶುಲ್ಕವನ್ನು ಮರೆಯುತ್ತಾರೆ. ಒಳಬರುವುದಕ್ಕೆ ಸಾಮಾನ್ಯವಾಗಿ ಹಣವಿಲ್ಲ, ಹೊರಹೋಗುವುದಕ್ಕೆ ಗಿಗಾಬೈಟ್ ಲೆಕ್ಕದಲ್ಲಿ ತೆರಬೇಕು. ಆರ್ಡರರ್‌ಗಳ ನಡುವೆಯೂ, ಅಲ್ಲಿಂದ ಪೀರ್‌ಗಳಿಗೂ ಪ್ರತಿ ಬ್ಲಾಕ್ ಕ್ಲೌಡ್‌ನ ಗಡಿ ದಾಟುತ್ತಲೇ ಇರುತ್ತದೆ. 2024ರಲ್ಲಿ ಗೂಗಲ್, ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಘೋಷಿಸಿದ ಶುಲ್ಕ ವಿನಾಯಿತಿ ತಮ್ಮ ಸೇವೆಯನ್ನು ಬಿಟ್ಟುಹೋಗುವ ಗ್ರಾಹಕರಿಗಾಗಿ ಬಂದದ್ದು, ದಿನನಿತ್ಯದ ಸಂಚಾರಕ್ಕೆ ಅದು ಅನ್ವಯಿಸುವುದಿಲ್ಲ. ಬಿಲ್ ಆಫ್ ಲೇಡಿಂಗ್ ಎಂಬ ಸರಕು ರಸೀದಿಯ ಪಿಡಿಎಫ್ ಅನ್ನೇ ಲೆಡ್ಜರ್‌ಗೆ ತುಂಬುವ ಬದಲು ಅದರ ಹ್ಯಾಶ್ ಅನ್ನು (ಕಡತದಿಂದ ಲೆಕ್ಕಹಾಕಿದ ಚಿಕ್ಕ ಗುರುತನ್ನು) ಮಾತ್ರ ಇಟ್ಟರೆ ಈ ಖರ್ಚು ದೊಡ್ಡ ಮಟ್ಟದಲ್ಲಿ ಇಳಿಯುತ್ತದೆ.

ಕಾನೂನು ಹಾಕುವ ಗೆರೆ

ಭಾರತದ ಜಾಲಗಳಿಗೆ ಕೆಲವು ಆಯ್ಕೆಗಳನ್ನು ಕಾನೂನೇ ಮುಚ್ಚಿಬಿಡುತ್ತದೆ. ಪಾವತಿ ವ್ಯವಸ್ಥೆಗಳ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಆರ್ಡರರ್‌ಗಳು ಚಾನೆಲ್‌ನ ಎಲ್ಲ ಬ್ಲಾಕ್‌ಗಳ ಪ್ರತಿಯನ್ನೂ ಇಟ್ಟುಕೊಳ್ಳುವುದರಿಂದ, ಪೀರ್‌ಗಳನ್ನು ಮುಂಬೈಯಲ್ಲಿಟ್ಟು ಒಂದೇ ಒಂದು ಆರ್ಡರರ್ ಅನ್ನು ಸಿಂಗಪುರದಲ್ಲಿಟ್ಟರೂ ದತ್ತಾಂಶ ಗಡಿ ದಾಟಿದಂತೆಯೇ. ಆಯ್ದ ಸದಸ್ಯರ ಪೀರ್‌ಗಳಲ್ಲಷ್ಟೇ ದತ್ತಾಂಶ ಇಡುವ ಖಾಸಗಿ ದತ್ತಾಂಶ ಸಂಗ್ರಹವನ್ನು ಬಳಸಿದಾಗ ಆರ್ಡರರ್‌ಗೆ ಹ್ಯಾಶ್ ಮಾತ್ರ ತಲುಪುತ್ತದೆ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಯಂತ್ರಗಳ ಚಟುವಟಿಕೆಯ ದಾಖಲೆಗಳನ್ನು) 180 ದಿನ ಉಳಿಸಬೇಕು, ಗಡಿಯಾರಗಳನ್ನು ಹೊಂದಿಸಿಡಬೇಕು. ಮೂರು ಕ್ಲೌಡ್‌ಗಳ ಲಾಗ್‌ಗಳು ಮೂರು ಕಡೆ ಬಿದ್ದಿದ್ದರೆ 6 ಗಂಟೆಯೊಳಗೆ ಘಟನೆಯ ಜಾಡು ಹಿಡಿಯುವುದು ದುಸ್ಸಾಧ್ಯ, ಅವನ್ನು ಒಂದೆಡೆ ಸೇರಿಸುವ ಏರ್ಪಾಡು ಮೊದಲೇ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಅಳಿಸುವ ಹಕ್ಕನ್ನು ಕೊಟ್ಟಿರುವುದರಿಂದ ವ್ಯಕ್ತಿಗಳ ವಿವರವನ್ನು ಬ್ಲಾಕ್‌ಗಳಲ್ಲಿ ಇಡಲೇಬಾರದು. ಖಾಸಗಿ ಸಂಗ್ರಹದಲ್ಲಿಟ್ಟದ್ದನ್ನು ಪೂರ್ತಿ ಅಳಿಸುವ ಸೌಲಭ್ಯ ಫ್ಯಾಬ್ರಿಕ್ 2.5ರಿಂದ ಇದೆ.

ಯಾರಿಗೆ ಯಾವುದು?

ಆರು ತಿಂಗಳ ಪ್ರಯೋಗ ನಡೆಸಿ ಸದಸ್ಯರ ಒಲವನ್ನು ಅರಿಯಬೇಕಾದವರು ಒಂದೇ ಕ್ಲೌಡ್‌ನ ಸಿದ್ಧ ಸೇವೆಯಿಂದ ಆರಂಭಿಸಲಿ, ಆದರೆ ಚೈನ್‌ಕೋಡ್ ಅನ್ನು ಆ ಸೇವೆಯ ವಿಶೇಷ ಸೌಲಭ್ಯಗಳಿಗೆ ಅಂಟಿಸದಿರಲಿ. ಐದಾರು ಸದಸ್ಯರಿದ್ದು ಅವರಲ್ಲಿ ಒಬ್ಬಿಬ್ಬರಿಗೆ ಮಾತ್ರ ತಾಂತ್ರಿಕ ಬಲವಿದ್ದರೆ, ಹೊರಗಿನ ನೋಡ್‌ಗಳಿಗೆ ಅವಕಾಶವಿರುವ ವೇದಿಕೆಯೊಂದನ್ನು ಆರಿಸಿ ಬಲವುಳ್ಳ ಸದಸ್ಯರು ತಮ್ಮ ನೋಡ್‌ಗಳನ್ನು ತಾವೇ ನಡೆಸುವ ಮಿಶ್ರ ವಿಧಾನ ಒಪ್ಪುತ್ತದೆ. ಬ್ಯಾಂಕುಗಳಂಥ ಸಮಬಲದ ಪ್ರತಿಸ್ಪರ್ಧಿಗಳ ಒಕ್ಕೂಟ ಕಷ್ಟವಾದರೂ ಮೂರನೆಯ ದಾರಿಯನ್ನೇ ಹಿಡಿಯಬೇಕು. ಒಂದು ಸದಸ್ಯ ಸಂಸ್ಥೆ ತನ್ನ ಪೀರ್‌ಗಳನ್ನು ಎರಡು ಕ್ಲೌಡ್‌ಗಳಲ್ಲಿ ಹರಡಬೇಕಾದ ಅಗತ್ಯ ಸಾಮಾನ್ಯವಾಗಿ ಇಲ್ಲ. ಒಂದೇ ಕ್ಲೌಡ್‌ನ ಎರಡು ಪ್ರತ್ಯೇಕ ಅವೈಲಬಿಲಿಟಿ ಜೋನ್‌ಗಳಲ್ಲಿ (ಒಂದೇ ವಲಯದ ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ) ಎರಡು ಪೀರ್ ಸಾಕು, ಜಾಲವೇ ಹಲವು ಕ್ಲೌಡ್‌ಗಳಲ್ಲಿ ಹರಡಿಕೊಂಡಿರುತ್ತದಲ್ಲ.

ಯಾವ ದಾರಿ ಹಿಡಿದರೂ ನಿಜವಾದ ವಹಿವಾಟು ಆರಂಭವಾಗುವ ಮೊದಲು ಒಂದು ಕ್ಲೌಡ್‌ನ ನೋಡ್‌ಗಳನ್ನೆಲ್ಲ ಬೇಕೆಂದೇ ನಿಲ್ಲಿಸಿ ನೋಡುವ ತಾಲೀಮು ನಡೆಸಬೇಕು. ವಾಣಿಜ್ಯ ಎಸ್‌ಎಂಎಸ್‌ಗಳಿಗಾಗಿ ದೂರಸಂಪರ್ಕ ನಿಯಂತ್ರಕ ಟ್ರಾಯ್ 2018ರಲ್ಲಿ ತಂದ ನಿಯಮದಂತೆ ದೂರಸಂಪರ್ಕ ಕಂಪನಿಗಳು ಕಟ್ಟಿದ ಹಂಚಿಕೆಯ ಲೆಡ್ಜರ್ ವ್ಯವಸ್ಥೆಯಲ್ಲಿ, ಸಂದೇಶಗಳ ನಮೂನೆಯ ಪರಿಶೀಲನೆ 2021ರ ಮಾರ್ಚ್ 8ರಂದು ಜಾರಿಯಾದಾಗ ದೇಶದಾದ್ಯಂತ ಒಟಿಪಿಗಳು ತಡವರಿಸಿದವು, ಪರಿಶೀಲನೆಯನ್ನು ಏಳು ದಿನ ತಡೆಹಿಡಿಯಬೇಕಾಯಿತು. ಸದಸ್ಯರ ಸಿದ್ಧತೆಯೂ ಜಾಲದ ಭಾಗವೆಂದು ಆ ಘಟನೆ ತೋರಿಸಿತು. ಹೀಗಾಗಿ ತಾಲೀಮಿನಲ್ಲಿ ಎಂಜಿನಿಯರ್‌ಗಳ ಜೊತೆಗೆ ಪ್ರತಿ ಸದಸ್ಯನ ವ್ಯವಹಾರ ವಿಭಾಗದವರೂ ಇರಬೇಕು. ಯಾರು ಯಾರಿಗೆ ಕರೆ ಮಾಡಬೇಕು, ಹೊಸ ಆರ್ಡರರ್ ಸೇರಿಸಲು ಯಾರ ಸಹಿಗಳು ಬೇಕು, ಒಬ್ಬ ಸದಸ್ಯ ಹೊರಟರೆ ಅವನ ನೋಡ್‌ಗಳ ಜಾಗವನ್ನು ಎಷ್ಟು ದಿನಗಳಲ್ಲಿ ತುಂಬಬೇಕು, ತಾಲೀಮಿನ ಖರ್ಚನ್ನು ಯಾರು ಹೊರಬೇಕು ಎಂಬುದನ್ನು ಒಕ್ಕೂಟದ ಒಪ್ಪಂದದಲ್ಲಿ ಬರೆದು, ಎಲ್ಲರ ಸಹಿ ಬಿದ್ದ ಮೇಲೆಯೇ ಮೊದಲ ಚಾನೆಲ್ ತೆರೆಯಬೇಕು.